ಇಟಲಿ ಕಲ್ಲು, ಶಹಾಬಾದಿ ಫರಶಿ

ಈ ಸಲದ ಸಂಚಿಕೆ ಪ್ರವಾಸದ ಸಂಚಿಕೆ ಅಂತ ಸಂಘದ ಸಭೆಯಲ್ಲಿ ಗೊತ್ತಾದಾಗ ಒಬ್ಬರು ಹಂಪಿ ಅಂದರು, ಒಬ್ಬರು ಜೋಗ ಅಂದರು, ನಾನು ಇಟಲಿ ಅಂದೆ. ಎಲ್ಲರೂ ನಕ್ಕರು. ನಗಲಿ ಬಿಡಿ. ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಕೂಡ ನೋಡದ ಹುಡುಗಿ ಇಟಲಿಯ ಮೇಲೆ ಬರೆಯುತ್ತೇನೆ ಅಂದರೆ ನಗು ಬರುವಂಥದ್ದೇ. ಆದರೆ ಗೆಳೆಯರೆ, ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷದಿಂದ ಇಟಲಿಯ ಹೆಸರುಗಳು ದಿನಾ ಕೇಳಿಬರುತ್ತವೆ. ಜೋಳದ ರೊಟ್ಟಿ ಮುರಿಯುತ್ತ, ಶೇಂಗಾ ಹಿಂಡಿ ಕಲಸುತ್ತ ಕೇಳಿಬರುತ್ತವೆ. "ಇವತ್ತು ಬೋಟಿಚಿನ ಮುಗೀತು, ನಾಳಿಗಿ ಸಟವಾರಿ ಹಾಕಬೇಕು" ಅಂತ ಅಪ್ಪ ಅಂದರೆ ಅವ್ವ ಹೂಂ ಅನ್ನುತ್ತಾಳೆ. ಅವಳಿಗೆ ಬೋಟಿಚಿನ ಅಂದರೆ ಮೂರು ದಿನದ ಪಗಾರ, ಸಟವಾರಿ ಅಂದರೆ ಐದು ದಿನದ್ದು.

ನಮ್ಮ ಅಪ್ಪ ಕಲ್ಲು ಹಾಸುವ ಗೌಂಡಿ. ಊರು ಕಲಬುರ್ಗಿ ಜಿಲ್ಲೆಯ ಚಿತ್ತಾಪುರದ ಕಡೆ, ವಾಸ ಪುಣೆಯ ಯೆರವಡಾ. ನಮ್ಮ ಜಿಲ್ಲೆಯ ಎಷ್ಟೋ ಮಂದಿಯ ವಿಳಾಸ ಹೀಗೆಯೇ ಎರಡು ತುಂಡಾಗಿದೆ, ನಿಮಗೆ ಹೊಸದೇನಲ್ಲ. ಅಪ್ಪ ಹೇಳುವ ಪ್ರಕಾರ ನಾವು ಊರು ಬಿಟ್ಟೇ ಇಲ್ಲ. ಯೆರವಡಾದ ಬದಿಗೆ ಹರಿಯುವ ಮುಳಾ-ಮುಠಾ ಮುಂದೆ ಹೋಗಿ ಭೀಮೆಯನ್ನು ಸೇರುತ್ತದೆ, ಭೀಮೆ ಪಂಢರಪುರ ದಾಟಿ ನಮ್ಮ ಕಡೆಗೇ ಬರುತ್ತದೆ. "ನಾವು ನೀರಿನ ಮ್ಯಾಲಿನ ತುದಿಗಿ ಅದೀವಿ ಅಷ್ಟs" ಅನ್ನುತ್ತಾನೆ. ನದಿಯ ಆ ತುದಿಯ ವಾಸನೆ ಗೊತ್ತಿದ್ದವರಿಗೆ ಈ ಸಮಾಧಾನ ಎಷ್ಟರದ್ದು ಅಂತ ತಿಳಿದೀತು.

ಯೆರವಡಾ ಅಂದರೆ ಹೊರಗಿನವರಿಗೆ ಜೈಲು, ಹುಚ್ಚಾಸ್ಪತ್ರೆ, ಈಗ ೨೦೨೪ರಿಂದ ಮೆಟ್ರೋ ಸ್ಟೇಷನ್ನು. ನಮಗೆ ಅದು ಓಣಿ. ಓಣಿಯ ಮನೆಗಳು ತಗಡಿನವು, ಇಟ್ಟಂಗಿಯವು. ಆದರೆ ಬಹಳಷ್ಟು ಮನೆಗಳ ನೆಲ ಒಂದೇ, ಶಹಾಬಾದಿ ಫರಶಿ. ಮರಾಠಿಯವರೂ ಅದನ್ನು ಹಾಗೇ ಕರೆಯುತ್ತಾರೆ. ಪುಣೆಯ ಹಳೇ ವಾಡೆಗಳ ಅಂಗಳ, ಶಾಲೆಗಳ ವರಾಂಡ, ಅಡಿಗೆಮನೆಯ ಕಟ್ಟೆ, ಎಲ್ಲ ಕಡೆ ಆ ಬೂದು ಕಲ್ಲು ಇದೆ. ಮುಂಬೈ–ಚೆನ್ನೈ ರೈಲು ದಾರಿ ಶಹಾಬಾದಿನ ಮೇಲೆಯೇ ಹಾದುಹೋಗುವುದರಿಂದ ನಮ್ಮ ಕಲ್ಲು ನಮಗಿಂತ ಎಷ್ಟೋ ಮೊದಲೇ ಪುಣೆಗೆ ವಲಸೆ ಬಂದಿತ್ತು. ನಾನು ಮರಾಠಿ ಶಾಲೆಯಲ್ಲಿ ಓದುತ್ತಿದ್ದಾಗ ಒಂದು ದಿನ ಪಕ್ಕದ ಹುಡುಗಿಗೆ ಹೇಳಿದೆ: "ಈ ಫರಶಿ ನಮ್ಮ ಊರಿಂದು. ಶಹಾಬಾದ್ ಅಂತ ಒಂದು ಊರದ." ಅವಳು ನಂಬಲಿಲ್ಲ. ಶಹಾಬಾದಿ ಅನ್ನುವುದು ಕಲ್ಲಿನ ಜಾತಿ, ಹಾಪೂಸ್ ಮಾವಿನಹಣ್ಣಿನ ಹಾಗೆ, ಅಂತ ಅವಳ ವಾದ. ಊರಿನ ಹೆಸರು ದೂರ ಹೋದಷ್ಟೂ ಸವೆದು ಬರಿಯ ವಸ್ತುವಿನ ಹೆಸರಾಗುತ್ತದೆ. ಆ ಊರಿನಲ್ಲಿ ಜನ ಇದ್ದಾರೆ, ಭಾಷೆ ಇದೆ, ಕಲ್ಲು ಒಡೆಯುವವನಿಗೂ ಒಂದು ಹೆಸರಿದೆ ಅನ್ನುವುದೆಲ್ಲ ಗೂಡ್ಸ್ ಬಂಡಿಯಲ್ಲಿ ಬರುವುದಿಲ್ಲ.

ನನ್ನ ಇಟಲಿ ಪ್ರವಾಸ ಶುರುವಾದದ್ದು ಇದರಿಂದಲೇ. ನಮ್ಮ ಓಣಿಯಿಂದ ಒಂದು ಕೂಗಳತೆಯಲ್ಲಿ ಕಲ್ಯಾಣಿನಗರ, ಆಚೆಗೆ ಖರಾಡಿ. ಅಲ್ಲಿ ಕಂಪ್ಯೂಟರ್ ಕಂಪನಿಗಳು ಬಂದ ಮೇಲೆ ಎತ್ತರದ ಕಟ್ಟಡಗಳು ಎದ್ದವು. ಅವುಗಳ ಜಾಹೀರಾತಿನಲ್ಲಿ ಮೊದಲ ಸಾಲೇ 'ಇಟಾಲಿಯನ್ ಮಾರ್ಬಲ್ ಫ್ಲೋರಿಂಗ್'. ಅಪ್ಪ ಶಹಾಬಾದಿ ಹಾಸುವುದು ಬಿಟ್ಟು ಇಟಾಲಿಯನ್ ಕಲಿತ. ಕಲಿತ ಅಂತ ಬರೆದದ್ದು ಸುಮ್ಮನೆ ಅಲ್ಲ, ಅದು ಒಂದು ಭಾಷೆಯನ್ನು ಕಲಿತ ಹಾಗೆಯೇ. ನಮ್ಮ ಫರಶಿ ಪದರ ಪದರವಾಗಿ ಏಳುತ್ತದೆ, ದಪ್ಪ ಇರುತ್ತದೆ, ಮೇಲೆ ನಿಂತು ಕುಣಿದರೂ ತಾಳುತ್ತದೆ. ಇಟಲಿಯ ಹಲಗೆಗಳು ತೆಳು, ಸುಮಾರು ಹದಿನೆಂಟು ಮಿಲಿಮೀಟರು. ಹಿಂದೆ ಜಾಳಿಗೆ ಅಂಟಿಸಿರುತ್ತಾರೆ, ಇಲ್ಲದಿದ್ದರೆ ಎತ್ತುವಾಗಲೇ ಬಿರಿಯುತ್ತದೆ. ಕೆಳಗೆ ಬಿಳಿ ಸಿಮೆಂಟೇ ಬೇಕು, ಕರಿ ಸಿಮೆಂಟು ಹಾಕಿದರೆ ಅದರ ನೆರಳು ಮೇಲೆ ಕಾಣುತ್ತದೆ. ಒಂದೇ ಬಂಡೆಯಿಂದ ಕೊಯ್ದ ಎರಡು ಹಲಗೆಗಳನ್ನು ಪುಸ್ತಕ ತೆರೆದ ಹಾಗೆ ಅಕ್ಕಪಕ್ಕ ಇಟ್ಟು ನರಗಳನ್ನು ಕೂಡಿಸಬೇಕು. ಆಮೇಲೆ ನೀರು ಬಿಟ್ಟು ಒರಟು ಸಾಣೆಯಿಂದ ನಯವಾದ ಸಾಣೆಗೆ ಆರೇಳು ಸಲ ತಿಕ್ಕಬೇಕು. ಕೊನೆಗೆ ನೆಲದಲ್ಲಿ ಮುಖ ಕಾಣುತ್ತದೆ. ಆ ನೆಲದಲ್ಲಿ ಮೊದಲು ಕಾಣುವ ಮುಖ ಅಪ್ಪನದು. ಆಮೇಲೆ ಮನೆಯವರು ಬರುತ್ತಾರೆ, ಅಪ್ಪ ಚಪ್ಪಲಿ ಹುಡುಕಿಕೊಂಡು ಕೆಳಗಿಳಿಯುತ್ತಾನೆ.

ಒಂದು ರಜೆಯಲ್ಲಿ ಅಪ್ಪ ಹೇಳುವ ಹೆಸರುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಗ್ರಂಥಾಲಯದಲ್ಲಿ ಅಟ್ಲಾಸು ಹಿಡಿದು, ಸಿಕ್ಕ ಪುಸ್ತಕ ಓದಿ, ಒಂದೊಂದನ್ನೇ ಹುಡುಕುತ್ತ ಹೋದೆ. ನೋಡಿ, ಬೋಟಿಚಿನ ಅಂದರೆ ಬೊತ್ತಿಚೀನೋ. ಅದು ಊರು! ಉತ್ತರ ಇಟಲಿಯ ಲೊಂಬಾರ್ದಿ ಪ್ರಾಂತದಲ್ಲಿ, ಬ್ರೆಶಾ ನಗರದ ಪಕ್ಕದಲ್ಲಿ ಇದೆ. ಪರಲಾಟ ಅಂದರೆ ಪೆರ್ಲಾತೋ, ದಕ್ಷಿಣದ ಸಿಸಿಲಿ ದ್ವೀಪದ ಕುಸ್ತೊನಾಚಿ ಊರಿನ ಸುತ್ತಲಿನ ಕಲ್ಲು. ಸಟವಾರಿ ಊರಲ್ಲ, ಸ್ತಾತುವಾರಿಯೋ ಅಂದರೆ ಪ್ರತಿಮೆ ಕಡೆಯಲು ತಕ್ಕದ್ದು ಅಂತ ಅರ್ಥ. ಅದರ ಊರು ಟಸ್ಕನಿಯ ಕರ್ರಾರಾ. ಟ್ರಾವರ್ಟೈನ್ ಅನ್ನುವ ತೂತು ತೂತಿನ ಕಲ್ಲು ಇದೆಯಲ್ಲ, ಅದರ ಹೊಟ್ಟೆಯಲ್ಲೂ ಒಂದು ಊರು ಅಡಗಿದೆ. ರೋಮಿನ ಹತ್ತಿರದ ತಿವೊಲಿ, ಹಳೆಯ ಹೆಸರು ತಿಬುರ್. ತಿಬುರಿನ ಕಲ್ಲು ಅನ್ನುವುದೇ ಬಾಯಿಂದ ಬಾಯಿಗೆ ಬದಲಾಗಿ ಟ್ರಾವರ್ಟೈನ್ ಆಯಿತು. ರೋಮಿನ ಕೊಲೊಸಿಯಮ್ ಕಟ್ಟಿದ್ದು ಬಹುಪಾಲು ಆ ಕಲ್ಲಿನಿಂದ. ಇನ್ನು ಅಪ್ಪನ ಪಟ್ಟಿಯಲ್ಲಿ ಇದ್ದ ಕ್ರೆಮಾ ಮಾರ್ಫಿಲ್ ಹುಡುಕಿದರೆ ಅದು ಸ್ಪೇನ್ ದೇಶದ್ದು! ಅಂಗಡಿಯಲ್ಲಿ ಅದೂ ಇಟಾಲಿಯನ್ನೇ. ಹೊರದೇಶದಿಂದ ಬಂದ ಕಲ್ಲೆಲ್ಲ ಇಟಾಲಿಯನ್, ದಕ್ಷಿಣದಿಂದ ಬಂದ ಮನುಷ್ಯರೆಲ್ಲ ಮದ್ರಾಸಿ. ಲೆಕ್ಕ ಒಂದೇ ಅಲ್ಲವೆ?

ಈ ಊರುಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕರ್ರಾರಾ. ಅಲ್ಲಿ ಬೆಟ್ಟಗಳೇ ಅಮೃತಶಿಲೆ. ದೂರದಿಂದ ನೋಡಿದರೆ ಹಿಮ ಬಿದ್ದಿದೆ ಅನ್ನಿಸುತ್ತದಂತೆ. ರೋಮನ್ನರ ಕಾಲದಿಂದ, ಎರಡು ಸಾವಿರ ವರ್ಷದಿಂದ, ಅಲ್ಲಿ ಕಲ್ಲು ತೆಗೆಯುತ್ತಿದ್ದಾರೆ. ಮೈಕೆಲಾಂಜೆಲೋ ೧೫೦೫ರಲ್ಲಿ ಪೋಪ್ ಎರಡನೇ ಜೂಲಿಯಸನ ಗೋರಿಗೆ ಕಲ್ಲು ಆರಿಸಲು ಹೋಗಿ ಅಲ್ಲೇ ತಿಂಗಳುಗಟ್ಟಲೆ ಕೂತ. ಅದಕ್ಕೂ ಮೊದಲು ಅವನು ಕಡೆದ ದಾವೀದನ ಪ್ರತಿಮೆ (೧೫೦೧–೦೪) ಕೂಡ ಕರ್ರಾರಾದ ಕಲ್ಲೇ. ಬೇರೆ ಶಿಲ್ಪಿಗಳು ಕೈಹಚ್ಚಿ ಕೈಬಿಟ್ಟಿದ್ದ ಬಂಡೆ ಅದು, ಎಷ್ಟೋ ವರ್ಷ ಫ್ಲಾರೆನ್ಸಿನ ಒಂದು ಅಂಗಳದಲ್ಲಿ ಮಳೆ ಬಿಸಿಲಿಗೆ ಬಿದ್ದಿತ್ತು. ಇದನ್ನು ಅಪ್ಪನಿಗೆ ಹೇಳಿದೆ. ಅಪ್ಪನಿಗೆ ದಾವೀದನಿಗಿಂತ ಆ ಬಂಡೆಯದ್ದೇ ಚಿಂತೆ. "ಮಂದಿ ಕೈಹಚ್ಚಿ ಕೆಡಿಸಿದ ಕಲ್ಲು ತಗೊಳ್ಳೋದು ಭಾಳ ತ್ರಾಸವ್ವ. ಅಂವ ಎಲ್ಲಿ ತಪ್ಪಿದಾನಂತ ಮೊದಲು ನಾವು ತಿಳಕೋಬೇಕು" ಅಂದ. ನಾನು ಓದಿದ ಯಾವ ಪುಸ್ತಕದಲ್ಲೂ ಈ ಮಾತು ಇರಲಿಲ್ಲ.

ಕರ್ರಾರಾದ ಮೇಲಿರುವ ಕೊಲೊನ್ನಾತಾ ಅನ್ನುವ ಹಳ್ಳಿಯಲ್ಲಿ ಕಲ್ಲುಗಣಿಯ ಆಳುಗಳ ಊಟ ಏನಿತ್ತು ಗೊತ್ತೆ? ಹಂದಿಯ ಕೊಬ್ಬನ್ನು ಉಪ್ಪು, ಬೆಳ್ಳುಳ್ಳಿ, ಸೊಪ್ಪಿನ ಜೊತೆ ಅಮೃತಶಿಲೆಯ ತೊಟ್ಟಿಯಲ್ಲೇ ತಿಂಗಳುಗಟ್ಟಲೆ ಊರಿಸಿ ಇಡುತ್ತಿದ್ದರು. ಬ್ರೆಡ್ಡಿನ ಜೊತೆ ಅದನ್ನು ಕಟ್ಟಿಕೊಂಡು ಗುಡ್ಡ ಹತ್ತುತ್ತಿದ್ದರು. ಬಡವರ ಬುತ್ತಿಯಾಗಿದ್ದದ್ದು ಈಗ ದೊಡ್ಡ ಹೋಟೆಲುಗಳಲ್ಲಿ ದುಬಾರಿ ತಿಂಡಿ. ಬಂಡೆಗಳನ್ನು ಕೆಳಗಿಳಿಸಲು ಹಗ್ಗ ಕಟ್ಟಿ, ಸಾಬೂನು ಸವರಿದ ಮರದ ತೊಲೆಗಳ ಮೇಲೆ ಜಾರಿಸುತ್ತಿದ್ದರು. ಹಗ್ಗ ಹರಿದರೆ ಕೆಳಗಿದ್ದವರ ಗತಿ ಮುಗಿಯಿತು. ಕಳೆದ ಶತಮಾನದ ನಡುವಿನವರೆಗೂ ಹೀಗೇ ನಡೆದಿತ್ತು. ಮ್ಯೂಸಿಯಮ್ಮಿನಲ್ಲಿ ಪ್ರತಿಮೆಯ ಕೆಳಗೆ ಶಿಲ್ಪಿಯ ಹೆಸರಿರುತ್ತದೆ, ತೊಲೆಗೆ ಸಾಬೂನು ಸವರಿದವನದು ಇರುವುದಿಲ್ಲ.

ಬೊತ್ತಿಚೀನೋದ ಕಥೆ ಬೇರೆ, ಅದು ರಾಜಕೀಯದ್ದು. ೧೮೬೧ರಲ್ಲಿ ಇಟಲಿಯ ತುಂಡು ತುಂಡು ರಾಜ್ಯಗಳು ಕೂಡಿ ಒಂದು ದೇಶವಾಯಿತಲ್ಲ, ಅದರ ಮೊದಲ ದೊರೆಯ ನೆನಪಿಗೆ ರೋಮಿನಲ್ಲಿ ದೊಡ್ಡ ಸ್ಮಾರಕ ಕಟ್ಟಿದರು. ೧೮೮೫ರಲ್ಲಿ ಕೆಲಸ ಶುರು, ೧೯೧೧ರಲ್ಲಿ ಉದ್ಘಾಟನೆ. ರೋಮಿನ ಸುತ್ತ ಬೇಕಾದಷ್ಟು ತಿವೊಲಿಯ ಕಲ್ಲು ಇದ್ದರೂ ಇದಕ್ಕೆ ದೂರದ ಬೊತ್ತಿಚೀನೋದಿಂದ ಕಲ್ಲು ತರಿಸಿದರು. ಆಗಿನ ಪ್ರಭಾವಿ ಮುಖಂಡ ಜುಸೆಪ್ಪೆ ಜನಾರ್ದೆಲ್ಲಿ ಬ್ರೆಶಾದ ಮನುಷ್ಯ, ಅದಕ್ಕೇ ಹೀಗಾಯಿತು ಅಂತ ಇವತ್ತಿಗೂ ಮಾತು. ರೋಮಿನ ಹಳೇ ಕಟ್ಟಡಗಳ ಮಾಗಿದ ಬಣ್ಣದ ನಡುವೆ ಅದು ಬೆಳ್ಳಗೆ ಕಣ್ಣು ಚುಚ್ಚುತ್ತದೆ. ಊರಿನ ಜನ ಅದಕ್ಕೆ ಟೈಪ್‌ರೈಟರ್ ಅಂತ ಅಡ್ಡಹೆಸರಿಟ್ಟಿದ್ದಾರೆ. ದೇಶ ಒಂದಾದದ್ದರ ಗುರುತಾಗಿ ಕಟ್ಟಿದ ಕಟ್ಟಡದಲ್ಲೇ ನಮ್ಮ ಜಿಲ್ಲೆ ನಿಮ್ಮ ಜಿಲ್ಲೆ! ನಮ್ಮವರೇ ಅನ್ನಿಸಿ ಇಟಲಿಯವರ ಮೇಲೆ ಪ್ರೀತಿ ಬಂತು.

ಇಟಲಿಯ ಊರುಗಳು ಹೀಗೆ ಒಂದೊಂದೂ ಬೇರೆ ಬೇರೆಯಾಗಿ ಕಾಣತೊಡಗಿದ ಮೇಲೆ ನಾನು ಅಪ್ಪನನ್ನು ಎಳೆದುಕೊಂಡು ಆಗಾಖಾನ್ ಅರಮನೆಗೆ ಹೋದೆ. ಯೆರವಡಾದಲ್ಲಿ ಇಟಲಿ ಅಂತ ಬೋರ್ಡು ಹಾಕಿಕೊಂಡಿರುವ ಜಾಗ ಅದೊಂದೇ. ಪ್ರವಾಸಿಗಳ ಪುಸ್ತಕಗಳೆಲ್ಲ ಅದರ 'ಇಟಾಲಿಯನ್ ಕಮಾನು'ಗಳನ್ನು ಹೊಗಳುತ್ತವೆ. ಮೂರನೇ ಆಗಾಖಾನರು ಅದನ್ನು ಕಟ್ಟಿಸಿದ್ದು ೧೮೯೨ರಲ್ಲಿ, ಆಗ ಅವರಿಗೆ ಹದಿನೈದರ ವಯಸ್ಸು. ಬರದಿಂದ ಕಂಗೆಟ್ಟಿದ್ದ ಸುತ್ತಲಿನ ಜನಕ್ಕೆ ಕೆಲಸ ಸಿಗಲಿ ಅಂತ ಕಟ್ಟಿಸಿದ್ದು, ಸಾವಿರ ಜನ ದುಡಿದರು ಅಂತ ಹೇಳುತ್ತಾರೆ. ೧೯೬೯ರಲ್ಲಿ ನಾಲ್ಕನೇ ಆಗಾಖಾನರು ಅದನ್ನು ದೇಶಕ್ಕೆ ದಾನ ಕೊಟ್ಟರು. ಅಪ್ಪ ವರಾಂಡದಲ್ಲಿ ನಿಂತು ಕಮಾನುಗಳನ್ನು ಬಹಳ ಹೊತ್ತು ನೋಡಿದ. "ಇದು ಇಟಲಿದಂತ ಯಾರಂದರು?" ಅಂತ ಕೇಳಿದ. ಪುಸ್ತಕದಾಗ ಅದ ಅಂದೆ. "ಮತ್ತ ನಮ್ಮ ಕಲಬುರ್ಗಿ ಕಿಲ್ಲೇದಾಗಿನ ಮಸೀದಿ ಏನು?" ಅಂದ. ನಿಮಗೆ ಗೊತ್ತೇ ಇದೆ, ಕೋಟೆಯ ಜಾಮಿ ಮಸೀದಿ ೧೩೬೭ರದು. ನೆಲಕ್ಕೆ ತಾಗುವಂತೆ ಬಾಗಿದ ಆ ಅಗಲವಾದ ಕಮಾನುಗಳ ಸಾಲನ್ನು ನೋಡಿ ಬೆಳೆದವನಿಗೆ ಕಮಾನು ಅಂದರೆ ಬೇರೆಯವರ ಮನೆಯದು ಅನ್ನಿಸುವುದಾದರೂ ಹೇಗೆ? ಆಮೇಲೆ ಅಪ್ಪ ಕಮಾನು ಕಟ್ಟುವ ಬಗೆ ಹೇಳಿದ. ಕೆಳಗೆ ಕಟ್ಟಿಗೆಯ ಆಸರೆ ಇಟ್ಟು ಎರಡೂ ಕಡೆಯಿಂದ ಕಲ್ಲು ಕೂಡಿಸುತ್ತ ಬರಬೇಕು, ನಡುವಿನ ಕಲ್ಲು ಕೂತ ಮೇಲೆಯೇ ಆಸರೆ ತೆಗೆಯಬೇಕು. "ಮೊದಲs ತೆಗದ್ರ ಎಲ್ಲಾ ನೆಲಕ್ಕ ಬರ್ತದ. ತಡಾ ಮಾಡಿದ್ರ ಕಟ್ಟಿಗಿ ಕೊಳೀತದ." ಆ ಸಾವಿರ ಜನರ ಪೈಕಿ ನಡುವಿನ ಕಲ್ಲು ಕೂರಿಸಿದವನು ಯಾರೋ. ನಮ್ಮ ಕಡೆಯವನು ಒಬ್ಬನಾದರೂ ಇದ್ದಿರಬಹುದು ಅಂತ ಅಪ್ಪನ ಗುಮಾನಿ. ನನಗೂ ಹಾಗೆ ಅಂದುಕೊಳ್ಳಲು ಇಷ್ಟ.

ಅದೇ ಅರಮನೆಯಲ್ಲಿ ಗಾಂಧೀಜಿಯನ್ನು ೧೯೪೨ರ ಆಗಸ್ಟಿನಿಂದ ೧೯೪೪ರ ಮೇ ತಿಂಗಳವರೆಗೆ ಸೆರೆಯಲ್ಲಿಟ್ಟಿದ್ದರು. ಮಹಾದೇವ ದೇಸಾಯಿಯವರು ಅಲ್ಲೇ ೧೯೪೨ರ ಆಗಸ್ಟ್ ೧೫ರಂದು ತೀರಿಕೊಂಡರು, ಕಸ್ತೂರಬಾ ೧೯೪೪ರ ಫೆಬ್ರವರಿ ೨೨ರಂದು. ಇಬ್ಬರ ಸಮಾಧಿಗಳೂ ಅಲ್ಲಿವೆ. ಇಟಲಿಯ ವಿಷಯ ಬರೆಯುತ್ತ ಇದನ್ನು ಯಾಕೆ ತಂದೆ ಅಂದರೆ, ಗಾಂಧೀಜಿ ಯೆರವಡಾಕ್ಕೆ ಒಂದು ಸಲ ಇಟಲಿಯಿಂದ ಹೆಚ್ಚುಕಡಿಮೆ ನೇರವಾಗಿಯೇ ಬಂದಿದ್ದರು. ದುಂಡುಮೇಜಿನ ಪರಿಷತ್ತು ಮುಗಿಸಿಕೊಂಡು ೧೯೩೧ರ ಡಿಸೆಂಬರಿನಲ್ಲಿ ರೋಮಿಗೆ ಹೋದರು, ವ್ಯಾಟಿಕನ್ನಿನಲ್ಲಿ ಮೈಕೆಲಾಂಜೆಲೋ ಚಿತ್ರ ಬರೆದ ಸಿಸ್ಟೈನ್ ಚಾಪೆಲ್ ನೋಡಿದರು. ಅಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನ ಮೂರ್ತಿಯ ಮುಂದೆ ನಿಂತು ಅವರ ಕಣ್ಣಲ್ಲಿ ನೀರು ಬಂತು. ಬ್ರಿಂಡಿಸಿಯಲ್ಲಿ ಹಡಗು ಹತ್ತಿ ಡಿಸೆಂಬರ್ ೨೮ಕ್ಕೆ ಮುಂಬೈ. ೧೯೩೨ರ ಜನವರಿ ೪ರ ಬೆಳಗಿನ ಜಾವ ಬಂಧನ, ಯೆರವಡಾ ಜೈಲು. ಇಟಲಿಯಲ್ಲಿ ಸಿಕ್ಕಿದ್ದು ಎರಡು ಮೂರು ದಿನ ಅಷ್ಟೇ. ಅದರಲ್ಲಿ ಅವರು ಕಂಡದ್ದು 'ಇಟಾಲಿಯನ್ ಕಲೆ' ಅಲ್ಲ, ನೋವಿನಲ್ಲಿರುವ ಒಬ್ಬ ಮನುಷ್ಯನನ್ನು. ಪ್ರವಾಸಿ ಅಂದರೆ ಹೀಗಿರಬೇಕು ಅಂತ ನನಗೆ ಅನ್ನಿಸುತ್ತದೆ.

ನಮ್ಮ ಕರ್ನಾಟಕದೊಳಗೆ ಇಟಲಿಯವನ ಕೈ ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಹೋದ ವರ್ಷದ ಕಾಲೇಜು ಪ್ರವಾಸದಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ನೋಡಿದೆವು, ನಿಮಗೆ ನೆನಪಿರಬಹುದು. ಬಸ್ಸು ಹೊರಡುತ್ತದೆ ಅಂತ ಕೂಗಿದರೂ ನಾನು ಹೊರಗೆ ಬರಲಿಲ್ಲ. ಗೋಡೆ, ಛಾವಣಿ, ಕಮಾನಿನ ಒಳಮೈ ಎಲ್ಲ ಚಿತ್ರ. ಬರೆದವರು ಅಂತೋನಿಯೋ ಮೊಸ್ಕೇನಿ ಅನ್ನುವ ಜೆಸ್ವಿಟ್ ಬ್ರದರ್. ೧೮೫೪ರಲ್ಲಿ ಬೆರ್ಗಮೋ ನಗರದ ಬಳಿಯ ಸ್ತೆತ್ಸಾನೋ ಹಳ್ಳಿಯಲ್ಲಿ ಹುಟ್ಟಿದವರು, ೧೮೯೯ರ ಹೊತ್ತಿಗೆ ಮಂಗಳೂರಿನಲ್ಲಿ ಈ ಕೆಲಸ ಹಿಡಿದರು, ೧೯೦೫ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ವಾಪಸು ಹೋಗಲೇ ಇಲ್ಲ. ಗೈಡು 'ಇಟಾಲಿಯನ್ ಪೇಂಟಿಂಗ್' ಅಂದು ಮುಂದೆ ಹೋದ. ನನಗೆ ಮಾತ್ರ ತಲೆಯಲ್ಲಿ ಅಟ್ಲಾಸು ಬಿಚ್ಚಿಕೊಂಡಿತು. ಬೆರ್ಗಮೋ ಮತ್ತು ಬ್ರೆಶಾ ಅಕ್ಕಪಕ್ಕದ ಜಿಲ್ಲೆಗಳು. ೨೦೨೩ರಲ್ಲಿ ಎರಡೂ ನಗರಗಳು ಸೇರಿ ಇಟಲಿಯ ಸಾಂಸ್ಕೃತಿಕ ರಾಜಧಾನಿಯಾಗಿದ್ದವು. ಛಾವಣಿಯ ಮೇಲೆ ಯಾರ ಬದುಕಿನ ಚಿತ್ರಗಳಿವೆಯೋ ಆ ಸಂತ ಅಲೋಶಿಯಸ್ ಗೊನ್ಜಾಗ ಹುಟ್ಟಿದ್ದು ಬ್ರೆಶಾದಿಂದ ದೂರವಿಲ್ಲದ ಕಸ್ತಿಲ್ಯೋನೆಯಲ್ಲಿ, ೧೫೬೮ರಲ್ಲಿ. ಜಹಗೀರು ಬಿಟ್ಟು ಸನ್ಯಾಸಿಯಾಗಿ, ರೋಮಿನಲ್ಲಿ ಪಿಡುಗಿನ ರೋಗಿಗಳ ಸೇವೆ ಮಾಡುತ್ತ ತಾನೂ ಹಾಸಿಗೆ ಹಿಡಿದು ೧೫೯೧ರಲ್ಲಿ ತೀರಿಕೊಂಡ ಹುಡುಗ, ವಯಸ್ಸು ಇಪ್ಪತ್ತಮೂರು. ಅಂದರೆ ಮೊಸ್ಕೇನಿ ಮಂಗಳೂರಿನ ಸೆಕೆಯಲ್ಲಿ ಅಟ್ಟದ ಮೇಲೆ ನಿಂತು ಬರೆದದ್ದು ತನ್ನ ಕಡೆಯ ಹುಡುಗನೊಬ್ಬನ ಕಥೆ. ನಮಗೆ ಇಟಲಿ, ಅವರಿಗೆ ನೆರೆಯೂರು. ಯೆರವಡಾದ ಓಣಿಯಲ್ಲಿ ರಾತ್ರಿ ಕೂತು ನಮ್ಮವರು ಶರಣಬಸವೇಶ್ವರರ ಜಾತ್ರೆಯ ಮಾತಾಡುವುದಿಲ್ಲವೆ, ಹಾಗೆ.

ಆ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಬಹಳಷ್ಟು ಫ್ರೆಸ್ಕೋ ಪದ್ಧತಿಯವು. ಹಸಿ ಗಾರೆಯ ಮೇಲೆ ಬಣ್ಣ ಬರೆಯುವ ಕಲೆ. ಯೆರವಡಾಕ್ಕೆ ಹೋದಾಗ ಇದನ್ನು ಅಪ್ಪನಿಗೆ ಕೇಳಿದೆ. ಅಪ್ಪ ಸುಣ್ಣದ ಲೆಕ್ಕ ಹೇಳಿದ: ಸುಣ್ಣದ ಕಲ್ಲು ಸುಟ್ಟರೆ ಸುಣ್ಣ, ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ ಅದು ಗಾಳಿ ಕುಡಿದು ಮತ್ತೆ ಕಲ್ಲಾಗುತ್ತದೆ. ವಿಜ್ಞಾನದವರು ಇದನ್ನೇ ಇಂಗಾಲದ ಡೈಆಕ್ಸೈಡು ಹೀರಿ ಕ್ಯಾಲ್ಶಿಯಂ ಕಾರ್ಬೊನೇಟು ಅಂತ ಬರೆಯುತ್ತಾರೆ. ಅಂದರೆ ಬಣ್ಣ ಗೋಡೆಯ ಮೇಲೆ ಇರುವುದಿಲ್ಲ, ಕಲ್ಲಿನೊಳಗೆ ಸೇರಿಬಿಡುತ್ತದೆ. ಗಾರೆ ಒಣಗುವ ಮೊದಲು ಎಷ್ಟು ಬರೆಯಬಹುದೋ ಅಷ್ಟೇ ಒಂದು ದಿನದ ಕೆಲಸ. ಇಟಲಿಯ ಚಿತ್ರಗಾರರು ಆ ಅಳತೆಗೆ 'ದಿನಗೆಲಸ' ಅನ್ನುವ ಅರ್ಥದ ಜೊರ್ನಾತಾ ಎಂಬ ಹೆಸರನ್ನೇ ಇಟ್ಟಿದ್ದಾರೆ. ಅಪ್ಪನಿಗೆ ಇದು ಬಹಳ ಸೇರಿತು. "ಹಂಗಾದರ ಅವರೂ ದಿನಗೂಲಿಯವರs" ಅಂದ.

ಈಗ ಭಾಷೆಯ ಮಾತು. ನಾನು ಏಳನೇ ಕ್ಲಾಸಿನತನಕ ಪುಣೆಯಲ್ಲಿ ಮರಾಠಿ ಕಲಿತು, ಆಮೇಲೆ ಅಜ್ಜಿಯ ಮನೆಗೆ ಬಂದು ಕನ್ನಡ ಶಾಲೆ ಸೇರಿದವಳು. ಅಲ್ಲಿ ಕಾನಡಿ ಅನ್ನಿಸಿಕೊಂಡೆ, ಇಲ್ಲಿಗೆ ಬಂದ ಮೇಲೆ 'ನಿಂದು ಕನ್ನಡವೇ ಅಲ್ಲ' ಅನ್ನಿಸಿಕೊಂಡೆ. ಒಂದು ಭಾಷಣ ಸ್ಪರ್ಧೆಯಲ್ಲಿ ನಾನು 'ಫರಶಿ' ಅಂದದ್ದಕ್ಕೆ ತೀರ್ಪುಗಾರರೊಬ್ಬರು ಅಂಕ ಕಳೆದರು, 'ನೆಲಹಾಸು' ಅನ್ನಬೇಕಿತ್ತಂತೆ. ಇಟಲಿಯ ಚರಿತ್ರೆ ಓದಿದಾಗ ನನಗೆ ಸಮಾಧಾನವಾದದ್ದು ಈ ವಿಷಯದಲ್ಲಿ. ೧೮೬೧ರಲ್ಲಿ ದೇಶ ಒಂದಾದಾಗ ನಾವು ಇವತ್ತು ಇಟಾಲಿಯನ್ ಅನ್ನುವ ಭಾಷೆಯನ್ನು ಹತ್ತು ಜನರಲ್ಲಿ ಒಬ್ಬರೂ ಆಡುತ್ತಿರಲಿಲ್ಲ ಅಂತ ಭಾಷಾತಜ್ಞರ ಅಂದಾಜು. ಬೆರ್ಗಮೋದವರದು ಒಂದು ನುಡಿ, ವೆನಿಸಿನವರದು ಒಂದು, ಸಿಸಿಲಿಯದು ಇನ್ನೊಂದೇ. ದಾಂತೆಯ ಕಾಲದಿಂದ ದೊಡ್ಡ ಕವಿಗಳು ಬರೆದ ಟಸ್ಕನಿಯ ನುಡಿ ಎಲ್ಲರ ಬರಹದ ಭಾಷೆಯಾಯಿತು. ಆ ದಾಂತೆ ಕೂಡ ದೊಡ್ಡವರ ಲ್ಯಾಟಿನ್ ಬಿಟ್ಟು ತನ್ನ ಊರಿನ ಆಡುಮಾತಿನಲ್ಲಿ ಕಾವ್ಯ ಬರೆದವನೇ. ಒಂದು ಊರಿನ ಆಡುಮಾತು ಎಲ್ಲರ ಶಿಷ್ಟ ಭಾಷೆಯಾಗುವುದು ಹೀಗೆ. ನಮ್ಮ ಏಕೀಕರಣ ೧೯೫೬ರದು. ನಮ್ಮ ಜಿಲ್ಲೆ ಹೈದರಾಬಾದಿನ ಕಡೆಯಿಂದ ಬಂದು ಕೂಡಿಕೊಂಡಿತು, ಜೊತೆಗೆ ಕಿಲ್ಲೆ, ಫರಶಿ, ಪಗಾರ ಎಲ್ಲ ಹೊತ್ತು ತಂದಿತು. ಇವನ್ನು ಹೊರಗಿಟ್ಟು ಕೂಡಿಸಿದರೆ ಅದು ಕಮಾನಿನ ಒಂದು ಕಡೆಯ ಕಲ್ಲು ಬಿಟ್ಟ ಹಾಗಲ್ಲವೆ? ತೀರ್ಪುಗಾರರು ಇದನ್ನು ಓದಿದರೆ ಆ ಅಂಕ ವಾಪಸು ಕೊಡಲಿ.

ಶಹಾಬಾದಿಗೂ ಬೊತ್ತಿಚೀನೋಗೂ ಇರುವ ನೆಂಟಸ್ತನ ಇನ್ನೂ ಹೇಳಿಲ್ಲ. ಬೊತ್ತಿಚೀನೋವನ್ನು ಪೇಟೆಯಲ್ಲಿ ಮಾರ್ಬಲ್ ಅಂತ ಮಾರಿದರೂ ಭೂವಿಜ್ಞಾನದವರ ಪ್ರಕಾರ ಅದು ಸುಣ್ಣದ ಕಲ್ಲು. ನಮ್ಮ ಶಹಾಬಾದಿಯೂ ಸುಣ್ಣದ ಕಲ್ಲೇ. ಎರಡರ ಮೇಲೂ ನಿಂಬೆಹಣ್ಣು ಹಿಂಡಿದರೆ ಕಲೆ ಬೀಳುತ್ತದೆ. ಬೊತ್ತಿಚೀನೋ ಜುರಾಸಿಕ್ ಕಾಲದ ಸಮುದ್ರದ ತಳ. ಭೀಮೆಯ ದಂಡೆಯ ನಮ್ಮ ಕಲ್ಲು ಅದಕ್ಕಿಂತ ಎಷ್ಟೋ ಹಿಂದಿನದು, ಐವತ್ತು ಕೋಟಿ ವರ್ಷಕ್ಕೂ ಹಳೆಯದು. ವಯಸ್ಸಿನಲ್ಲಿ ನಮ್ಮದು ಅಜ್ಜ. ಆದರೆ ಒಂದು ಚದರ ಅಡಿಗೆ ನೂರಾರು ರೂಪಾಯಿ, ಇನ್ನೊಂದಕ್ಕೆ ಕೆಲವೇ ಹತ್ತು. ವಿಟ್ರಿಫೈಡ್ ಟೈಲ್ಸು ಬಂದ ಮೇಲೆ ಅದೂ ಕೇಳುವವರಿಲ್ಲ. ಅಜ್ಜಿಯ ಊರಿನ ಸುತ್ತ ಎಷ್ಟೋ ಗಣಿಗಳು ನೀರು ತುಂಬಿ ಸುಮ್ಮನೆ ಬಿದ್ದಿವೆ.

ಹಾಗಂತ ನಮ್ಮ ಕಲ್ಲಿಗೆ ಮೈಕೆಲಾಂಜೆಲೋ ಸಿಗಲಿಲ್ಲ ಅನ್ನುವಂತಿಲ್ಲ. ಚಿತ್ತಾಪುರ ತಾಲೂಕಿನಲ್ಲೇ, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ೧೯೯೦ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು. ಅದರ ಮೈತುಂಬ ಶ್ರೀಮಂತ ಕೆತ್ತನೆಯ ಹಲಗೆಗಳು, ಎಲ್ಲ ಸುಣ್ಣದ ಕಲ್ಲಿನವು. ಒಂದರ ಮೇಲೆ ರಾಣಿಯ ಜೊತೆ ನಿಂತ ಒಬ್ಬ ರಾಜ, ಪಕ್ಕದಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರು. ಅಶೋಕನ ಚಿತ್ರವನ್ನು ಹೆಸರಿನ ಸಮೇತ ಕೆತ್ತಿದ್ದು ಸಿಗುವುದು ಬಹಳ ಅಪರೂಪ. ಕರ್ರಾರಾದಲ್ಲಿ ರೋಮನ್ನರು ಉಳಿ ಹಿಡಿದ ಆಸುಪಾಸಿನ ಶತಮಾನಗಳಲ್ಲೇ ನಮ್ಮ ಭೀಮೆಯ ದಂಡೆಯಲ್ಲೂ ಉಳಿಯ ಸದ್ದು ಇತ್ತು.

ದೀಪಾವಳಿಗೆ ಊರಿಗೆ ಬಂದಾಗ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಇಷ್ಟು ವರ್ಷ ಅದೇ ತಾಲೂಕಿನವನಾಗಿ ಅವನು ನೋಡಿರಲಿಲ್ಲ; ಗೌಂಡಿಗೆ ರಜೆ ಎಲ್ಲಿಯದು? ಅಪ್ಪ ಒಂದು ಹಲಗೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮುಟ್ಟಬಾರದು ಅಂತ ನಾನೇ ಹೇಳಿದ್ದರಿಂದ ಕೈ ಹಿಂದೆ ಕಟ್ಟಿಕೊಂಡಿದ್ದ. "ಇದು ನಮ್ಮ ಫರಶಿನೇ ಅಲ್ಲೇನವ್ವ" ಅಂದ. ಹೌದಪ್ಪ ಅಂದೆ. ಸ್ವಲ್ಪ ಹೊತ್ತಾದ ಮೇಲೆ, "ಪದರ ಕಿತ್ತು ಬರೋ ಕಲ್ಲಿನಾಗ ಇಷ್ಟು ಸಣ್ಣ ಬೆರಳು ಹ್ಯಾಂಗ ತೆಗದಾನ" ಅಂತ ತನ್ನಷ್ಟಕ್ಕೆ ಅಂದುಕೊಂಡ. ಇಪ್ಪತ್ತು ವರ್ಷ ಇಟಲಿಯ ಕಲ್ಲು ತಿಕ್ಕಿದ ಮನುಷ್ಯ ಅದನ್ನು ಎಂದೂ ಹೀಗೆ ನೋಡಿದ್ದು ನನಗೆ ಗೊತ್ತಿಲ್ಲ.

ಈಗ ನಮ್ಮ ಓಣಿಯ ಮನೆಗಳನ್ನು ಕೆಡವಿ ಮಾಳಿಗೆ ಮನೆ ಕೊಡುತ್ತಾರಂತೆ. ಹೊಸ ಮನೆಗೆ ಟೈಲ್ಸಿನ ನೆಲ. ಅವ್ವನಿಗೆ ಸಂತೋಷ, ಸಾರಿಸುವುದು ಸುಲಭ. ಅಪ್ಪನಿಗೆ ಈಚೆಗೆ ಕಲ್ಲು ಕೊಯ್ಯುವ ದೂಳಿನಿಂದ ಕೆಮ್ಮು ಹಿಡಿದಿದೆ, ಬೇರೆ ಮಾತು ಕಡಿಮೆ. ಆದರೆ ಹೋದ ವಾರ ಫೋನಿನಲ್ಲಿ ಹೇಳಿದ: ಮನೆ ಕೆಡವುವ ಮೊದಲು ಬಾಗಿಲ ಬಳಿಯ ಎರಡು ಫರಶಿ ಎಬ್ಬಿಸಿ ಇಟ್ಟುಕೊಳ್ಳುತ್ತಾನಂತೆ. ಎಲ್ಲಿ ಹಾಕುತ್ತೀ ಅಂತ ಕೇಳಿದೆ. ಎಲ್ಲಾದರೂ ಅಂದ. ಮೂರನೇ ಮಾಳಿಗೆಗೆ ಹೊರಬೇಕಲ್ಲ ಅಂದರೆ, "ನಾ ಎಷ್ಟು ಮಂದಿದು ಹೊತ್ತೀನಿ, ನಂದೆರಡು ಭಾರ ಆಗ್ತಾವೇನು?" ಅಂದ.

ಗೆಳೆಯರೆ, ಹಂಪಿ ಜೋಗಗಳ ಬಗ್ಗೆ ನೀವು ಬರೆದದ್ದನ್ನು ಖಂಡಿತ ಓದುತ್ತೇನೆ. ನನ್ನ ಪಾಲಿಗೆ ಇಟಲಿ ಇನ್ನೂ ಬಾಕಿ ಇದೆ. ಎಂದಾದರೂ ಹೋದರೆ ಮೊದಲು ಫ್ಲಾರೆನ್ಸಿಗೆ ಹೋಗುವುದಿಲ್ಲ, ಬೊತ್ತಿಚೀನೋಗೆ ಹೋಗುತ್ತೇನೆ. ಅಲ್ಲಿ ಕಲ್ಲುಗಣಿಯಲ್ಲಿ ದುಡಿದ ಯಾರಾದರೂ ಮುದುಕರು ಸಿಕ್ಕರೆ, ನಿಮ್ಮ ಊರಿನ ಹೆಸರು ನಮ್ಮ ಮನೆಯಲ್ಲಿ ಇಷ್ಟು ವರ್ಷ ಆಡಿದ್ದೇವೆ ಅಂತ ಹೇಳಬೇಕು. ಅವರು ನಿಮ್ಮದು ಯಾವ ಊರು ಅಂತ ಕೇಳಿಯೇ ಕೇಳುತ್ತಾರೆ. ಇಂಡಿಯಾ ಅನ್ನುವುದಿಲ್ಲ, ಶಹಾಬಾದಿನ ಕಡೆ ಅನ್ನುತ್ತೇನೆ.